ಗಾಡಿಗೂ ಮುಪ್ಪುಂಟು

ಹಿಂದಿನ ತಿಂಗಳು ಭದ್ರಾವತಿಯಲ್ಲಿ ನಮ್ಮ ಆಪ್ತರೊಬ್ಬರ ಮನೆಯಲ್ಲಿ ನಾಮಕರಣವಿತ್ತು. ಶಿವಮೊಗ್ಗದಿಂದ ಅಲ್ಲಿಗೆ ಹೋಗುವವರು ಬಸ್ಸನ್ನೋ ಸ್ವಂತ ವಾಹನವನ್ನೋ ಹಿಡಿಯುವುದು ಈಚೆಗೆ ವಾಡಿಕೆಯಾಗಿದ್ದರೂ, ಮನೆಯ ಮಕ್ಕಳ ಹಟಕ್ಕೆ ಕಟ್ಟುಬಿದ್ದು ನಾವು ರೈಲಿನಲ್ಲಿಯೇ ಹೊರಟೆವು. ನಮ್ಮ ಜತೆಯಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ವಿಶ್ರಾಂತರಾಗಿರುವ ಹಿರಿಯರೊಬ್ಬರಿದ್ದರು. ಗಾಡಿ ಬಂದು ನಿಂತಿತು; ಜನರು ಬಾಗಿಲಿಗೆ ಮುತ್ತಿದರು; ನಾವು ಬುತ್ತಿಯ ಚೀಲವನ್ನೂ ಮಕ್ಕಳನ್ನೂ ಎಣಿಸಿಕೊಳ್ಳುತ್ತಿದ್ದೆವು. ಆ ಹಿರಿಯರು ಮಾತ್ರ ಯಾವ ಅವಸರವೂ ಇಲ್ಲದವರಂತೆ ಡಬ್ಬಿಯ ಪಕ್ಕದಲ್ಲಿ ಬರೆದಿದ್ದ ಅಂಕಿಗಳನ್ನು ಕನ್ನಡಕ ಸರಿಪಡಿಸಿಕೊಂಡು ಓದಿ, "ಇದು ೨೦೦೪ರ ಸಂತಾನ; ಇನ್ನೂ ಸ್ವಲ್ಪ ಕಾಲ ಸೇವೆಯುಂಟು," ಎಂದು ಹೇಳಿ, ಅನಂತರ ಹತ್ತಿದರು.

ಇದೇನು ಜ್ಯೋತಿಷವೆಂದು ಮಕ್ಕಳು ನಕ್ಕರು. ವಾಸ್ತವದಲ್ಲಿ ಅದರಲ್ಲಿ ಯಾವ ಗೂಢವೂ ಇಲ್ಲ. ನಮ್ಮ ದೇಶದ ರೈಲುಡಬ್ಬಿಗಳ ಮೈಮೇಲೆ ಬರೆದಿರುವ ಸಂಖ್ಯೆಯ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ಅದು ತಯಾರಾದ ವರ್ಷವನ್ನು ಸೂಚಿಸುತ್ತವೆ. ಉಳಿದವು ಅದರ ವರ್ಗವನ್ನೂ ಕ್ರಮಸಂಖ್ಯೆಯನ್ನೂ ಹೇಳುತ್ತವೆ. ಡಬ್ಬಿಯ ಕೊನೆಯ ಗೋಡೆಯಲ್ಲಿ, ಅದು ಯಾವ ಕಾರ್ಯಾಗಾರದಲ್ಲಿ ಯಾವಾಗ ದೊಡ್ಡ ಪರೀಕ್ಷೆಗೆ ಒಳಗಾಯಿತು, ಮರಳಿ ಯಾವಾಗ ಹೋಗತಕ್ಕದ್ದು ಎಂಬುದನ್ನು ಕೂಡ ಬಣ್ಣದಲ್ಲಿ ಬರೆದಿರುತ್ತಾರೆ. ಮನುಷ್ಯನು ತನ್ನ ವಯಸ್ಸನ್ನು ಮುಚ್ಚಿಡಲು ನೂರು ಉಪಾಯ ಮಾಡುತ್ತಾನೆ. ಗಾಡಿಯು ತನ್ನ ಜಾತಕವನ್ನು ಬೆನ್ನಿನ ಮೇಲೆ ಬರೆಸಿಕೊಂಡೇ ಊರೂರು ತಿರುಗುತ್ತದೆ. ನಮ್ಮ ಓದುಗರು ಮುಂದಿನ ಸಲ ನಿಲ್ದಾಣಕ್ಕೆ ಹೋದಾಗ ತಾವೇ ಇದನ್ನು ನೋಡಬಹುದು. ಮಕ್ಕಳಿಗೆ ಕಲಿಸಿಕೊಟ್ಟರೆ ಗಾಡಿ ತಡವಾದಾಗ ಅವರ ಉಪದ್ರವವೂ ಕೊಂಚ ತಗ್ಗೀತು.

ತುಂಗೆಯ ಸೇತುವೆಯ ಮೇಲೆ ಗಾಡಿ ಸಾಗುತ್ತಿರುವಾಗ ಮಾತು ಮುಂದುವರಿಯಿತು. ಹಳೆಯ ಮಾದರಿಯ ಉಕ್ಕಿನ ಡಬ್ಬಿಗೆ ಇಪ್ಪತ್ತೈದು ವರ್ಷದ ಆಯುಸ್ಸೆಂದು ಗೊತ್ತುಮಾಡಲಾಗಿತ್ತು; ಈಗ ಬರುತ್ತಿರುವ ಹೊಸ ಮಾದರಿಗೆ ಮೂವತ್ತೈದು. ಇದನ್ನು ಕೇಳಿ ನಮ್ಮ ಮನೆಯವರು ಒಂದು ಪ್ರಶ್ನೆ ಹಾಕಿದರು. "ನಮ್ಮ ಅಡಿಗೆಮನೆಯ ಹಿತ್ತಾಳೆಯ ಕೊಳಗ ಮುತ್ತಜ್ಜಿಯ ಕಾಲದ್ದು, ಇಂದಿಗೂ ಅದರಲ್ಲಿಯೇ ಹಬ್ಬದ ಅಡಿಗೆ. ಇಷ್ಟು ಗಟ್ಟಿಯಾಗಿರುವ ಗಾಡಿಯನ್ನು ಇಪ್ಪತ್ತೈದು ವರ್ಷಕ್ಕೇ ಒಡೆದುಹಾಕುವುದು ದುಂದಲ್ಲವೇ?"

ಪ್ರಶ್ನೆ ನ್ಯಾಯವಾದದ್ದು. ಹಿರಿಯರು ಕೊಟ್ಟ ಉತ್ತರವೂ ಹಾಗೆಯೇ ಇತ್ತು. ಕೊಳಗವು ವರ್ಷಕ್ಕೆ ಹತ್ತು ದಿನ ಒಲೆಯ ಮೇಲೆ ಕುಳಿತು ಉಳಿದ ದಿನ ಅಟ್ಟದಲ್ಲಿ ನಿದ್ರಿಸುತ್ತದೆ. ಗಾಡಿಗೆ ಅಂಥ ಭಾಗ್ಯವಿಲ್ಲ. ಹಗಲಿರುಳು ಅದು ಅದುರುತ್ತದೆ, ತಿರುವಿನಲ್ಲಿ ಹೊರಳುತ್ತದೆ, ಹೊರಡುವಾಗ ಎಳೆಯಲ್ಪಡುತ್ತದೆ, ನಿಲ್ಲುವಾಗ ಹಿಂದಿನಿಂದ ನೂಕಿಸಿಕೊಳ್ಳುತ್ತದೆ. ತಂತಿಯ ತುಂಡೊಂದನ್ನು ಒಂದು ಸಲ ಬಾಗಿಸಿದರೆ ಏನೂ ಆಗುವುದಿಲ್ಲ. ನೂರು ಸಲ ಬಾಗಿಸಿದರೆ ಕೈಯಲ್ಲಿ ಮುರಿದುಬರುತ್ತದೆ. ಉಕ್ಕಿಗೂ ದಣಿವೆಂಬುದುಂಟು, ಮತ್ತು ಆ ದಣಿವು ಹೊರಗೆ ಕಾಣದು. ಅದರ ಜತೆಗೆ ತುಕ್ಕು. ಅದು ಮೊದಲು ಹತ್ತುವುದು ಕಣ್ಣಿಗೆ ಬೀಳುವ ಗೋಡೆಗಲ್ಲ. ಶೌಚಗೃಹದ ನೀರು ಇಳಿಯುವ ಮೂಲೆಗೆ, ಬಾಗಿಲ ಹೊಸ್ತಿಲಿಗೆ, ನೆಲದ ಹಲಗೆಯಡಿಯ ಉಕ್ಕಿನ ತೊಲೆಗೆ. ಮೇಲೆ ಹೊಸ ಬಣ್ಣ ಬಳಿದರೆ ಹದಿನಾರು ವರ್ಷದ ಕನ್ಯೆಯಂತೆ ಹೊಳೆಯುವ ಗಾಡಿಯ ಅಡಿಭಾಗವು ಜರಡಿಯಂತಾಗಿರಬಹುದು. ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಕಿಟಕಿಯ ಸರಳು, ಬಾವಿಯ ರಾಟೆ, ಹಿತ್ತಲ ಬಾಗಿಲ ತಿರುಗಣೆಗಳು ಏನಾಗುತ್ತವೆಂಬುದನ್ನು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕಾಗಿಯೇ ನಿಯತಕಾಲದಲ್ಲಿ ಡಬ್ಬಿಯನ್ನು ಕಾರ್ಯಾಗಾರಕ್ಕೆ ಕಳುಹಿಸಿ, ಮೈಯನ್ನು ಚಕ್ರದ ಚೌಕಟ್ಟಿನಿಂದ ಎತ್ತಿ ಬೇರ್ಪಡಿಸಿ, ಸವೆದುದನ್ನು ಬದಲಿಸಿ, ತುಕ್ಕು ತಿಂದುದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವುದು. ಮೈಸೂರಿನ ಅಶೋಕಪುರದಲ್ಲಿರುವ ಕಾರ್ಯಾಗಾರವು ಈ ಕೆಲಸಕ್ಕೆ ಹೆಸರಾದುದು. ಆದರೆ ತೇಪೆಗೂ ಒಂದು ಮಿತಿಯಿದೆ. ಸೀರೆಗಿಂತ ತೇಪೆಯೇ ಹೆಚ್ಚಾದಾಗ ಏನು ಮಾಡಬೇಕೆಂಬುದನ್ನು ಗೃಹಿಣಿಯರೇ ಬಲ್ಲರು.

ಇಲ್ಲಿ ನಮ್ಮ ಸೀಮೆಯ ರೈಲಿನ ಕಥೆಯನ್ನು ಕೊಂಚ ನೆನೆಯುವುದು ಅಪ್ರಕೃತವಾಗಲಾರದು. ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು ೧೮೯೯ರಲ್ಲಿ. ಅದು ಒಂದು ಮೀಟರು ಅಗಲದ ಕಿರುಹಳಿ. ಅರಸಾಳು, ಆನಂದಪುರ, ಸಾಗರಗಳನ್ನು ದಾಟಿ ೧೯೪೦ರಲ್ಲಿ ತಾಳಗುಪ್ಪವನ್ನು ಮುಟ್ಟಿತು. ಮೈಸೂರು ಸಂಸ್ಥಾನದ ಈ ರೈಲುಮಾರ್ಗಗಳು ೧೯೫೧ರಲ್ಲಿ ದಕ್ಷಿಣ ರೈಲ್ವೆಯನ್ನೂ, ೨೦೦೩ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆಯನ್ನೂ ಸೇರಿದವು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಬೀರೂರು–ಶಿವಮೊಗ್ಗದ ಹಳಿಯು ಅಗಲವಾಯಿತು. ತಾಳಗುಪ್ಪದ ಕವಲಿನಲ್ಲಿ ಮಾತ್ರ ಕಿರುಹಳಿಯು ಇನ್ನೂ ಕೆಲವು ವರ್ಷ ಉಳಿದು, ಅದರ ಕೊನೆಗಾಲದಲ್ಲಿ ಬಸ್ಸಿನಂಥ ಒಂಟಿ ಗಾಡಿಯೊಂದು ಕಾಡಿನ ನಡುವೆ ನಿಧಾನವಾಗಿ ಓಡಾಡುತ್ತಿತ್ತು. ಅದನ್ನು ರೈಲೆನ್ನಬೇಕೋ ಬಸ್ಸೆನ್ನಬೇಕೋ ಎಂಬ ಚರ್ಚೆಯಲ್ಲಿಯೇ ಪ್ರಯಾಣಿಕರ ಅರ್ಧ ದಾರಿ ಕಳೆಯುತ್ತಿತ್ತು. ೨೦೧೧ರ ವೇಳೆಗೆ ಅಲ್ಲಿಯೂ ೧,೬೭೬ ಮಿಲಿಮೀಟರು ಅಗಲದ ಹಳಿ ಬಂದಿತು.

ಅಂದು ಕಿರುಹಳಿಯ ಡಬ್ಬಿಗಳೆಲ್ಲವೂ ಒಮ್ಮೆಲೇ ನಿರುದ್ಯೋಗಿಗಳಾದವು. ಅವುಗಳಲ್ಲಿ ಮುದಿಯವೂ ಇದ್ದವು, ಗಟ್ಟಿಮುಟ್ಟಾದವೂ ಇದ್ದವು. ಮುಪ್ಪಿನಿಂದ ಬಂದ ನಿವೃತ್ತಿಯಲ್ಲ ಅದು. ನಡೆಯುವ ದಾರಿಯೇ ಬದಲಾದುದರಿಂದ ಬಂದ ನಿವೃತ್ತಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಪುಟ್ಟ ಟ್ರಾಮು, ಭದ್ರಾವತಿಯ ಕಾರ್ಖಾನೆಗೆ ಇದ್ದಲಿನ ಮರ ಹೊರುತ್ತಿದ್ದ ಕಾಡಿನ ಟ್ರಾಮುಗಳು, ಇವೆಲ್ಲ ಇದಕ್ಕೂ ಮುಂಚೆಯೇ ಹೀಗೆ ಕಣ್ಮರೆಯಾದವು.

ಈಗ ನಡೆಯುತ್ತಿರುವುದು ಮೊದಲನೆಯ ಬಗೆಯ ನಿವೃತ್ತಿ, ಮುಪ್ಪಿನದು. ಮದರಾಸಿನ ಪೆರಂಬೂರಿನಲ್ಲಿ ೧೯೫೫ರಲ್ಲಿ ಸ್ವಿಟ್ಜರ್ಲೆಂಡಿನವರ ಸಹಕಾರದಿಂದ ಆರಂಭವಾದ ಡಬ್ಬಿ ಕಾರ್ಖಾನೆಯ ಮಾದರಿಯೇ ಅರುವತ್ತು ವರ್ಷ ನಮ್ಮ ದೇಶವನ್ನೆಲ್ಲ ಹೊತ್ತುಕೊಂಡು ತಿರುಗಿತು. ನಾವೆಲ್ಲ ಮದುವೆಗೆ, ಪರೀಕ್ಷೆಗೆ, ತೀರ್ಥಯಾತ್ರೆಗೆ ಹೋದದ್ದು ಅದರಲ್ಲಿಯೇ. ನೆಲದಡಿಯ ಅಚ್ಚಿಗೆ ಪಟ್ಟಿ ಸುತ್ತಿ ತಿರುಗುವ ಯಂತ್ರದಿಂದ ಅದರ ದೀಪಕ್ಕೆ ವಿದ್ಯುತ್ತು. ಗಾಡಿ ಹೆಚ್ಚು ಹೊತ್ತು ನಿಂತಿತೆಂದರೆ ಸಂಗ್ರಹಕೋಶದ ಶಕ್ತಿ ಇಳಿದು ದೀಪ ಮಂಕಾಗುವುದು, ಫಂಕಾ ಸೋಮಾರಿಯಾಗುವುದು. ಈ ಮಾದರಿಯ ಕೊನೆಯ ಡಬ್ಬಿಯು ಪೆರಂಬೂರಿನಿಂದ ಹೊರಬಿದ್ದದ್ದು ೨೦೧೮ರ ಜನವರಿಯಲ್ಲಿ. ಆ ಮೇಲೆ ಜರ್ಮನಿಯ ಲಿಂಕೆ–ಹಾಫ್‌ಮನ್–ಬುಶ್ ಎಂಬ ಸಂಸ್ಥೆಯಿಂದ ನಮ್ಮವರು ಕಲಿತುಕೊಂಡ ಮಾದರಿಯೇ ಅದರ ಸ್ಥಾನವನ್ನು ಪಡೆಯಿತು.

ಎರಡಕ್ಕೂ ಇರುವ ಭೇದವೇನು? ತುಕ್ಕಿಗೆ ಸುಲಭವಾಗಿ ಬಗ್ಗದ ಉಕ್ಕು, ಚಕ್ರದ ಅಂಚನ್ನು ಒತ್ತುವ ಬದಲು ತಟ್ಟೆಯನ್ನು ಹಿಡಿಯುವ ತಡೆ, ಎರಡು ಮೀಟರು ಹೆಚ್ಚಿನ ಉದ್ದ, ಮಲಗುವ ಡಬ್ಬಿಯಲ್ಲಿ ಎಪ್ಪತ್ತೆರಡಕ್ಕೆ ಬದಲಾಗಿ ಎಂಬತ್ತು ಸ್ಥಳ, ಇವೆಲ್ಲ ಇದ್ದೇ ಇವೆ. ನಮಗೆ ಮುಖ್ಯವಾಗಿ ತೋರುವುದು ಡಬ್ಬಿಗೂ ಡಬ್ಬಿಗೂ ಇರುವ ಕೊಂಡಿ. ಹಳೆಯ ಡಬ್ಬಿಯ ಕೊನೆಯಲ್ಲಿ ಎರಡು ದುಂಡನೆಯ ಗುಂಡಿಗಳೂ ನಡುವೆ ತಿರುಪಿನ ಕೊಕ್ಕೆಯೂ ಇರುವುದನ್ನು ಎಲ್ಲರೂ ನೋಡಿದ್ದೇವೆ. ಗಾಡಿಯು ಹಳಿ ತಪ್ಪಿ ಎಲ್ಲವೂ ಒಮ್ಮೆಗೇ ನಿಂತಾಗ, ಹಿಂದಿನ ಡಬ್ಬಿಯು ಮುಂದಿನದರ ಮೇಲೇರುವುದು, ಅಥವಾ ದೂರದರ್ಶಕದ ಕೊಳವೆಗಳಂತೆ ಒಂದು ಮತ್ತೊಂದರ ಒಳಗೆ ಸೇರಿಬಿಡುವುದು ಇದರಲ್ಲಿ ಸಂಭವನೀಯ. ಒಳಗೆ ಕುಳಿತವರ ಗತಿಯನ್ನು ಹೇಳಬೇಕಾಗಿಲ್ಲ. ೨೦೧೬ರ ನವೆಂಬರಿನಲ್ಲಿ ಕಾನ್ಪುರದ ಬಳಿಯ ಪುಖರಾಯಾಂ ಎಂಬಲ್ಲಿ ಇಂದೂರು–ಪಾಟ್ನಾ ಗಾಡಿಯು ಹಳಿ ತಪ್ಪಿದಾಗ ನೂರೈವತ್ತಕ್ಕೆ ಸಮೀಪದ ಜನರು ಮಡಿದರು. ಅವು ಹಳೆಯ ಮಾದರಿಯ ಡಬ್ಬಿಗಳು. ಹೊಸ ಮಾದರಿಯ ನಡುಗೊಂಡಿಯು ಡಬ್ಬಿಗಳು ಒಂದರ ಮೇಲೊಂದು ಹತ್ತದಂತೆ ತಡೆದು ಹಿಡಿಯುತ್ತದೆ. ಹಾಗೆಂದು ಅದನ್ನು ವಜ್ರಕವಚವೆಂದು ನಂಬುವುದೂ ಸಲ್ಲದು. ೨೦೨೩ರ ಜೂನಿನಲ್ಲಿ ಒಡಿಶಾದ ಬಾಹಾನಗಾದಲ್ಲಿ ದುರಂತಕ್ಕೆ ಈಡಾದ ಕೋರಮಂಡಲ ಎಕ್ಸ್‌ಪ್ರೆಸ್ಸಿನಲ್ಲಿ ಹೊಸ ಡಬ್ಬಿಗಳೇ ಇದ್ದವು. ಸಂಕೇತ ತಪ್ಪಿ ಗಾಡಿಯು ನಿಂತ ಸರಕುಗಾಡಿಗೆ ಬಡಿದರೆ ಯಾವ ಡಬ್ಬಿಯೂ ಪೂರ್ಣ ರಕ್ಷಣೆ ಕೊಡಲಾರದು. ಹೊಸ ಡಬ್ಬಿಯಲ್ಲಿ ಹೊರಡುವಾಗ ಬೀಳುವ ಜಗ್ಗಿನ ವಿಷಯದಲ್ಲಿಯೂ ಪ್ರಯಾಣಿಕರ ದೂರು ಉಂಟು. ಕಾಫಿಯ ಲೋಟ ಹಿಡಿದವರು ಅದನ್ನು ಬಹುಬೇಗ ಕಲಿತುಕೊಳ್ಳುತ್ತಾರೆ.

ಇಷ್ಟರ ಮಟ್ಟಿಗೆ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ನಮ್ಮ ಮನಸ್ಸನ್ನು ಅಂದಿನಿಂದ ಕಾಡುತ್ತಿರುವ ಸಂಗತಿಯು ಬೇರೊಂದು.

ಹೊಸದು ಬಂದಾಗ ಅದು ಮೊದಲು ಯಾರಿಗೆ ಸಲ್ಲುತ್ತದೆ? ಜರ್ಮನಿಯ ಮಾದರಿಯ ಡಬ್ಬಿಗಳು ಮೊದಲು ಜೋಡಿಸಲ್ಪಟ್ಟದ್ದು ಶತಾಬ್ದಿ, ರಾಜಧಾನಿಗಳೆಂಬ ದೊಡ್ಡ ಗಾಡಿಗಳಿಗೆ. ಅಲ್ಲಿಂದ ಬಿಡುಗಡೆಯಾದ ಹಳೆಯವು ಎರಡನೆಯ ಮಟ್ಟದ ಗಾಡಿಗಳಿಗೆ, ಅಲ್ಲಿಯವು ಮೂರನೆಯವಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದವು. ಸಂಸಾರದಲ್ಲಿ ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಅವನ ತಮ್ಮನಿಗೆ ಬರುವಂತೆ ಇದು. ಮಿತವ್ಯಯದ ದೃಷ್ಟಿಯಿಂದ ತಪ್ಪೆನ್ನಲಾಗದು. ನಾವೂ ಮನೆಯಲ್ಲಿ ಅದನ್ನೇ ಮಾಡುತ್ತೇವೆ. ಆದರೆ ಅಂಗಿ ಹರಿದರೆ ಚಳಿಯಾದೀತು, ಅಷ್ಟೆ. ಡಬ್ಬಿಯ ಮುಪ್ಪು ಅಪಾಯವನ್ನು ತರುವಂಥದು. ಅದರ ಕೊನೆಯ ವರ್ಷಗಳಲ್ಲಿ ಅದರೊಳಗೆ ಕುಳಿತುಕೊಳ್ಳುವವರು ಯಾರು ಎಂದು ವಿಚಾರಿಸಿದರೆ, ಕಡಮೆ ದರದ ಚೀಟಿ ಕೊಂಡು, ಕಾದಿರಿಸದ ಡಬ್ಬಿಯಲ್ಲಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸಂತೆಗೆ ಹೋಗುವವರು, ಬೆಳಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು, ಶಾಲೆಯ ಮಕ್ಕಳು. ದೀರ್ಘಪ್ರಯಾಣದ ಶ್ರೀಮಂತನು ವರ್ಷಕ್ಕೆ ನಾಲ್ಕು ಸಲ ಗಾಡಿ ಹತ್ತಿದರೆ, ಇವರು ವರ್ಷಕ್ಕೆ ಐನೂರು ಸಲ ಹತ್ತುವವರು. ಯಾರು ಹೆಚ್ಚು ಸಲ ಹತ್ತುತ್ತಾರೋ ಅವರ ಕಡೆಗೇ ಹೆಚ್ಚು ಮುದಿಯಾದುದು ಹರಿದುಬರುವುದು ಲೆಕ್ಕಕ್ಕೆ ಸರಿಯಾದರೂ ನ್ಯಾಯಕ್ಕೆ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ೨೦೧೮ರಿಂದೀಚೆಗೆ ಹೊಸ ಮಾದರಿಯನ್ನೇ ತಯಾರಿಸುತ್ತಿರುವುದರಿಂದ ಈ ಮೆಟ್ಟಿಲುಗಳು ಒಂದು ದಿನ ಮುಗಿಯಲೇಬೇಕು. ಆ ದಿನವು ಕವಲುಹಾದಿಗಳಿಗೆ ಕಟ್ಟಕಡೆಯಲ್ಲಿ ಬರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ನಾವು ಇದನ್ನು ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಿಟಕಿಯಾಚೆ ಭದ್ರಾವತಿಯ ಮನೆಗಳು ಕಾಣತೊಡಗಿದ್ದವು. "ಮುದಿಯಾಯಿತೆಂದು ಯಾರು ತೀರ್ಮಾನಿಸುತ್ತಾರೆ, ಯಾವ ಲೆಕ್ಕದಿಂದ ತೀರ್ಮಾನಿಸುತ್ತಾರೆ, ಅದನ್ನೂ ಕೇಳಬೇಕು," ಎಂದರು. ಅವರ ಮನಸ್ಸು ಎಲ್ಲಿಗೆ ಹೋಗಿತ್ತೆಂಬುದು ನಮಗೆ ತಿಳಿಯಿತು. ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಇದ್ದಲನ್ನೂ ಕೂಡಿಸಿ ೧೯೨೩ರಲ್ಲಿ ಕಬ್ಬಿಣ ಕರಗಿಸತೊಡಗಿದ, ವಿಶ್ವೇಶ್ವರಯ್ಯನವರು ಕೈಹಿಡಿದು ನಡೆಸಿದ ಆ ಕಾರ್ಖಾನೆಯನ್ನು ಮುಚ್ಚಿಬಿಡುವ ತೀರ್ಮಾನವು ೨೦೨೩ರ ಜನವರಿಯಲ್ಲಿ, ಅಂದರೆ ಸರಿಯಾಗಿ ಅದರ ನೂರನೆಯ ವರ್ಷದಲ್ಲಿ, ಹೊರಬಿದ್ದಿತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಅದೇ ವರ್ಷ ಕೆಲವು ಕೆಲಸಗಳು ಮತ್ತೆ ನಡೆದವು. ಪಕ್ಕದ ಕಾಗದದ ಕಾರ್ಖಾನೆಯು ೨೦೧೫ರಲ್ಲಿಯೇ ನಿಂತಿತ್ತು. ಹೀಗಿರಲಾಗಿ "ಆಯುಸ್ಸು ಮುಗಿಯಿತು" ಎಂಬ ಮಾತನ್ನು ಆ ಊರಿನವರು ಬರಿಯ ಗಾಡಿಯ ವಿಷಯವಾಗಿ ಕೇಳಲಾರರು. ಗಾಡಿಯ ಆಯುಸ್ಸಿಗೆ ತುಕ್ಕು, ದಣಿವುಗಳೆಂಬ ಅಳತೆಗಳಿವೆ. ಊರಿನ ಆಯುಸ್ಸನ್ನು ಅಳೆಯುವವರು ಲಾಭನಷ್ಟದ ಪುಸ್ತಕವೊಂದನ್ನೇ ತೆರೆಯುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಅವರ ಮಾತಿನ ತಾತ್ಪರ್ಯ.

ಇನ್ನು, ಸೇವೆಯಿಂದ ಇಳಿದ ಡಬ್ಬಿಗಳು ಏನಾಗುತ್ತವೆ? ಬಹುಪಾಲು ಹರಾಜಾಗಿ, ಅನಿಲದ ಜ್ವಾಲೆಯಿಂದ ಕತ್ತರಿಸಲ್ಪಟ್ಟು, ಕುಲುಮೆಗೆ ಹೋಗಿ ಮತ್ತೆ ಉಕ್ಕಾಗುತ್ತವೆ. ಭದ್ರಾವತಿಯವರಿಗೆ ಈ ಪುನರ್ಜನ್ಮವು ಹೊಸತಲ್ಲ. ಕೆಲವಕ್ಕೆ ಕಿಟಕಿಬಾಗಿಲುಗಳನ್ನು ಮುಚ್ಚಿ, ತುದಿಯಲ್ಲಿ ಹೆಬ್ಬಾಗಿಲು ತೆಗೆದು, ಮೋಟಾರುಕಾರುಗಳನ್ನು ಸಾಗಿಸುವ ಸರಕುಡಬ್ಬಿಗಳನ್ನಾಗಿ ಮಾಡಿದ್ದಾರೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟ ಹಳೆಯ ಡಬ್ಬಿಗಳು ರೋಗಿಗಳ ಕೊಠಡಿಗಳಾಗಿ ಸಿದ್ಧವಾದುದನ್ನು ಓದುಗರು ಮರೆತಿರಲಾರರು.

ಪರದೇಶಗಳ ರೀತಿಯು ಇನ್ನೂ ವಿಚಿತ್ರ. ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ "ಕೆಂಪುಹಕ್ಕಿ" ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ೨೦೦೧ರಿಂದ ಮೊದಲುಮಾಡಿ ಹಡಗಿನಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರದ ತಳಕ್ಕೆ ಬಿಟ್ಟರು. ಮನುಷ್ಯರು ಕುಳಿತಿದ್ದಲ್ಲಿ ಈಗ ಮೀನುಗಳು ಸಂಸಾರ ಹೂಡಿವೆ. ಲಂಡನ್ನಿನವರು ಇದಕ್ಕೆ ಪ್ರತಿಯಾಗಿ ಜಿಪುಣರು. ಅಲ್ಲಿನ ಸುರಂಗದಲ್ಲಿ ಓಡಲೆಂದು ೧೯೩೮ರಲ್ಲಿ ತಯಾರಾದ ಡಬ್ಬಿಗಳು, ಲಂಡನ್ನಿಗೆ ಬೇಡವಾದ ಮೇಲೆ ವೈಟ್ ದ್ವೀಪವನ್ನು ಸೇರಿ ೨೦೨೧ರ ಜನವರಿಯವರೆಗೂ ಓಡಿದವು. ಅಲ್ಲಿಯ ಸುರಂಗವೊಂದು ತಗ್ಗಾಗಿದ್ದುದರಿಂದ ಗಿಡ್ಡ ಗಾಡಿಯೇ ಬೇಕಾಗಿತ್ತೆಂಬುದು ಕಾರಣ. ಅಂತೂ ಎಂಬತ್ತು ದಾಟಿದ ಸೇವೆ! ನಮ್ಮ ಕಲ್ಕತ್ತೆಯ ನೆಲದಡಿಯ ರೈಲು ೧೯೮೪ರ ಅಕ್ಟೋಬರ್ ೨೪ರಂದು ಆರಂಭವಾಯಿತು. ಪೆರಂಬೂರಿನಲ್ಲಿಯೇ ತಯಾರಾಗಿದ್ದ ಅಲ್ಲಿಯ ಹವಾನಿಯಂತ್ರಣವಿಲ್ಲದ ಹಳೆಯ ಗಾಡಿಗಳಿಗೆ ೨೦೨೧ರಲ್ಲಿ ಅದೇ ತಿಂಗಳ ಅದೇ ತಾರೀಖಿನಲ್ಲಿ ಬೀಳ್ಕೊಡುಗೆ ನೀಡಿದರು. ಗಾಡಿಗೆ ಹುಟ್ಟುಹಬ್ಬದ ದಿನವೇ ವಿಶ್ರಾಂತಿ ಕೊಟ್ಟ ಆ ರಸಿಕತೆಯನ್ನು ಮೆಚ್ಚಬೇಕು.

ನಮ್ಮೂರಿನ ಸುದ್ದಿಯನ್ನೂ ಹೇಳಬೇಕು. ಶಿವಮೊಗ್ಗದ ಪಕ್ಕದ ಕೋಟೆಗಂಗೂರಿನಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದ ಡಬ್ಬಿ ನಿರ್ವಹಣಾಲಯಕ್ಕೆ ೨೦೨೩ರ ಫೆಬ್ರವರಿ ೨೭ರಂದು, ವಿಮಾನನಿಲ್ದಾಣವು ಉದ್ಘಾಟನೆಯಾದ ದಿನವೇ, ಶಂಕುಸ್ಥಾಪನೆಯಾಯಿತು. ಗಾಡಿಗಳನ್ನು ತೊಳೆಯುವುದು, ಪರೀಕ್ಷಿಸುವುದು, ರಿಪೇರಿ ಮಾಡುವುದು ಇಂಥಲ್ಲಿ ನಡೆಯುವ ಕೆಲಸ. ಬೆಂಗಳೂರು, ಮೈಸೂರುಗಳ ಮೇಲಿನ ಹೊರೆಯನ್ನು ಇಳಿಸಿ, ಶಿವಮೊಗ್ಗದಿಂದಲೇ ಹೊಸ ಗಾಡಿಗಳನ್ನು ಹೊರಡಿಸಲು ಅನುಕೂಲವಾಗಲೆಂಬುದು ಅದರ ಉದ್ದೇಶ. ವೈದ್ಯನು ಊರಲ್ಲಿಯೇ ಇದ್ದರೆ ಕಾಯಿಲೆ ಬೇಗ ಗೊತ್ತಾಗುತ್ತದೆ. ಹೊಸ ಡಬ್ಬಿಗಳು ಬಂದ ಮಾತ್ರಕ್ಕೆ ಚಿಂತೆ ಮುಗಿಯದು. ಅವೂ ನಾಳೆ ಮುದಿಯಾಗುವಂಥವೇ.

ನಾಮಕರಣ ಸಾಂಗವಾಗಿ ನಡೆಯಿತು, ಹೋಳಿಗೆ ಚೆನ್ನಾಗಿತ್ತು. ಮರಳಿ ಬಂದ ಮೇಲೆ ಮಕ್ಕಳಿಗೆ ರೈಲಿನ ಹುಚ್ಚು ಇಳಿಯದೆ, ಮುಂದಿನ ಭಾನುವಾರ ಅವರನ್ನು ಅರಸಾಳಿಗೆ ಕರೆದುಕೊಂಡು ಹೋಗಬೇಕಾಯಿತು. ಶಂಕರ್ ನಾಗ್ ಅವರು ಮಾಲ್ಗುಡಿಯ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದಾಗ ಮಾಲ್ಗುಡಿಯ ನಿಲ್ದಾಣವಾಗಿ ಕಂಡದ್ದು ಈ ಅರಸಾಳಿನ ಹಳೆಯ ನಿಲ್ದಾಣವೇ. ಪಾಳುಬಿದ್ದಿದ್ದ ಆ ಕಟ್ಟಡವನ್ನು ಕಲಾವಿದರಾದ ಜಾನ್ ದೇವರಾಜ್ ಅವರ ಕೈಯಿಂದ ಸಜ್ಜುಗೊಳಿಸಿ, ೨೦೨೦ರ ಜುಲೈಯಲ್ಲಿ ರೈಲ್ವೆಯವರು ಅದನ್ನೊಂದು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಅದರ ಬಳಿಯಲ್ಲಿಯೇ ಕಿರುಹಳಿಯ ಕಾಲದ ಡಬ್ಬಿಯೊಂದನ್ನು ನಿಲ್ಲಿಸಿ ಚಹದ ಅಂಗಡಿಯನ್ನಾಗಿ ಮಾರ್ಪಡಿಸಿದ್ದರು.

ನಾವು ಅದರ ಮೆಟ್ಟಿಲು ಹತ್ತುವ ಮೊದಲು ನಮ್ಮ ಕಿರಿಯ ಮಗುವು ಹಿಂದೆ ಮುಂದೆ ಓಡಾಡಿ, ಪಕ್ಕದ ಗೋಡೆಯ ಮೇಲೆ ಏನನ್ನೋ ಹುಡುಕುತ್ತಿತ್ತು. "ಇದು ಯಾವ ವರ್ಷದ್ದು?" ಎಂದು ಕೇಳಿತು. ಹೊಸ ಬಣ್ಣದಡಿಯಲ್ಲಿ ಅಂಕಿಗಳು ನಮ್ಮ ಕಣ್ಣಿಗೆ ಬೀಳಲಿಲ್ಲ. ನಾವು ಚಹ ಕುಡಿಯುತ್ತಿರುವಷ್ಟರಲ್ಲಿ ಪಕ್ಕದ ಅಗಲ ಹಳಿಯ ಮೇಲೆ ಗಾಡಿಯೊಂದು ಬಂದಿತು. ಮಕ್ಕಳು ಲೋಟಗಳನ್ನು ಅಲ್ಲಿಯೇ ಬಿಟ್ಟು ಅದರ ಅಂಕಿಗಳನ್ನು ಓದಲು ಓಡಿದರು.